ಸಿದ್ದಲಿಂಗಪ್ಪನ ಎವರೇಜ್

ದೆವ್ವ ಮೆಟ್ಟಿಕೊಳ್ಳಬೇಕಾದರೆ ಹುಣಸೆಮರ, ಹಾಳುಬಾವಿ, ನಡುರಾತ್ರಿ ಇತ್ಯಾದಿ ಸಾಮಗ್ರಿ ಬೇಕೆಂದು ತಿಳಿದವರು ಹೇಳುತ್ತಾರೆ. ಗುರಣ್ಣನ ವಿಷಯದಲ್ಲಿ ಇಷ್ಟೆಲ್ಲ ತಾಪತ್ರಯ ಬೀಳಲಿಲ್ಲ. ಇಪ್ಪತ್ತು ಲೀಟರ್ ಎಂಜಿನ್ ಎಣ್ಣೆಯಲ್ಲಿ ಕೆಲಸ ಮುಗಿಯಿತು, ಅದೂ ಹಾಡಹಗಲಲ್ಲಿ, ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಗಳ ನಡುವೆ.

ಗುರಣ್ಣ ಯಾದಗಿರಿ ಕಡೆಯವನು. ಇಪ್ಪತ್ತೆರಡು ವರ್ಷದ ಹಿಂದೆ ಪುಣೆಗೆ ಬಂದು ಮೊದಲು ಇಟ್ಟಿಗೆ ಹೊತ್ತ, ಆಮೇಲೆ ಇಟ್ಟಿಗೆಯ ಲಾರಿ ತೊಳೆದ, ಆಮೇಲೆ ಅದೇ ಲಾರಿಗೆ ಕ್ಲೀನರ್ ಆದ. ಅವನ ಕೈಗೆ ಸ್ಟೇರಿಂಗ್ ಕೊಟ್ಟು ಡ್ರೈವರ್ ಮಾಡಿದವನು ಸಿದ್ದಲಿಂಗಪ್ಪ. ಆ ಸಿದ್ದಲಿಂಗಪ್ಪ ಅಂಬಾದಾಸ ಸೇಠರ ಹದಿನಾರು ಗಾಲಿಯ ಟ್ರಕ್ಕನ್ನು ಹನ್ನೊಂದು ವರ್ಷ ಓಡಿಸಿ, ಹದಿನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ಟ್ರಕ್ಕು ಶಿಷ್ಯನಿಗೆ ಬಂತು. ಗುರುವಿನ ಫೋಟೋ ಸೇಠರ ಆಫೀಸಿನ ಗೋಡೆಗೆ, ಗಣಪತಿಗೂ ಗಡಿಯಾರಕ್ಕೂ ನಡುವೆ ಹೋಯಿತು. ಪ್ರತಿ ಅಮಾವಾಸ್ಯೆಗೆ ಅವನ ಹೆಂಡತಿ ರಾಧಾಬಾಯಿ ಯೆರವಡಾದಿಂದ ಬಸ್ಸು ಹತ್ತಿ ಬಂದು ಆ ಫೋಟೋಕ್ಕೆ ಒಂದು ಹಾರ ಹಾಕಿ, ಯಾರೊಂದಿಗೂ ಮಾತಾಡದೆ ಹೋಗುತ್ತಿದ್ದಳು. ದೇವರಲ್ಲದವರಿಗೆ ಆ ಆಫೀಸಿನಲ್ಲಿ ಹಾರ ಬೀಳುತ್ತಿದ್ದುದು ಅವನೊಬ್ಬನಿಗೇ.

ಜನವರಿಯ ಒಂದು ಬೆಳಿಗ್ಗೆ ಮಂಜು ಇನ್ನೂ ನೆಲ ಬಿಟ್ಟಿರಲಿಲ್ಲ. ಎಣ್ಣೆ ಕಂಪನಿಯೊಂದರಿಂದ ಪ್ರಣೀತಾ ಎಂಬ ಎಂಜಿನಿಯರ್ ಹುಡುಗಿ ಸೇಠರ ಟ್ರಕ್ಕುಗಳು ನಿಲ್ಲುವ ಯಾರ್ಡಿಗೆ ಬಂದಳು. ಉಡುಪಿ ಕಡೆಯವರ ಮಗಳು, ಪುಣೆಯ ಸದಾಶಿವ ಪೇಠೆಯಲ್ಲಿ ಅಪ್ಪನ ಹೋಟೆಲು. ಅವಳ ಜೀಪಿನಲ್ಲಿ ಬಿಳಿ ಡಬ್ಬಿಗಳಿದ್ದವು. ಅರ್ಧಕ್ಕೆ ಕೆಂಪು ಚೀಟಿ, ಅರ್ಧಕ್ಕೆ ನೀಲಿ ಚೀಟಿ, ಬೇರೆ ಒಂದಕ್ಷರವಿಲ್ಲ.

"ಒಂದು ಮಾಮೂಲಿ ಎಣ್ಣೆ, ಇನ್ನೊಂದು ಸಿಂಥೆಟಿಕ್," ಎಂದಳು. "ಸಿಂಥೆಟಿಕ್ ಅಂದ್ರೆ ಕಾರ್ಖಾನೆಯಲ್ಲಿ ಬೇಕಾದ ಹಾಗೆ ಕಟ್ಟಿ ಮಾಡಿದ್ದು. ತೆಳು ಇರ್ತದೆ, ಎಂಜಿನ್ ಒಳಗೆ ತಿಕ್ಕಾಟ ಕಡಿಮೆ. ನೂರಕ್ಕೆ ಎರಡು ಮೂರು ಪಾಲು ಡೀಸೆಲ್ ಉಳೀಬೇಕು. ಉಳೀತದಾ ಇಲ್ವಾ ಅಂತ ಮೂರು ತಿಂಗಳು ನೋಡುವುದು."

ಪರೀಕ್ಷೆಗೆ ಆರಿಸಿದ್ದು ಗುರಣ್ಣನ ಟ್ರಕ್ಕು ಮತ್ತು ಬೀದರಿನ ದತ್ತುವಿನ ಟ್ರಕ್ಕು. ಎರಡೂ ಒಂದೇ ವಯಸ್ಸಿನವು, ಒಂದೇ ಹೊರೆ ಹೊತ್ತು ಒಂದೇ ದಾರಿಯಲ್ಲಿ ಮುಂಬಯಿ ಬಂದರಿಗೆ ಹೋಗಿಬರುವಂಥವು. ಆ ಮೊದಲಿನ ತಿಂಗಳ ಲೆಕ್ಕ ತೆಗೆದಾಗ ಎರಡರ ಎವರೇಜೂ ಒಂದೇ ಬಂದಿತ್ತು: ಲೀಟರಿಗೆ ಮೂರು ಪಾಯಿಂಟ್ ನಾಲ್ಕು ಕಿಲೋಮೀಟರ್. ಅಲ್ಲಿಯವರೆಗೆ ಅಂಬಾದಾಸ ಸೇಠರು ಎವರೇಜ್ ಎಂಬುದನ್ನು ಕಂಡವರಲ್ಲ. ಟ್ಯಾಂಕು ಖಾಲಿಯಾದರೆ ತುಂಬಿಸುತ್ತಿದ್ದರು, ತುಂಬಿಸಿ ನಿಟ್ಟುಸಿರು ಬಿಡುತ್ತಿದ್ದರು.

"ನನ್ನ ಗಾಡಿಗೆ ಯಾವುದು ಹಾಕ್ತೀರಿ?" ಎಂದು ಗುರಣ್ಣ ಕೇಳಿದ.

"ಹೇಳುವ ಹಾಗಿಲ್ಲ. ಗೊತ್ತಾದ್ರೆ ನೀವು ಓಡಿಸುವ ರೀತಿಯೇ ಬದಲಾಗ್ತದೆ." ಯಾವ ಚೀಟಿಯಲ್ಲಿ ಏನಿದೆ ಎಂಬುದನ್ನು ಲಕೋಟೆಯಲ್ಲಿ ಬರೆದಿಟ್ಟು, ಅರಗು ಒತ್ತಿ, ಸೇಠರ ಕಪಾಟಿನಲ್ಲಿ ಇಡಿಸಿದಳು.

ಹೇಳದೆ ಇದ್ದರೆ ತಿಳಿದುಕೊಳ್ಳಲಾರದಷ್ಟು ದಡ್ಡ ಗುರಣ್ಣನಲ್ಲ. ಅವನಿಗೆ ಬಿದ್ದದ್ದು ಕೆಂಪು ಚೀಟಿ, ಕುಂಕುಮದ ಬಣ್ಣ. ಅದನ್ನು ಸುರಿದ ಮೇಲೆ ಪ್ರಣೀತಾ ಎಂಜಿನ್ನಿನ ಬಾಯಿಯನ್ನು ಬಟ್ಟೆಯಿಂದ ಒರೆಸಿದಳು. ದತ್ತುವಿನ ಟ್ರಕ್ಕಿಗೆ ಒರೆಸಲಿಲ್ಲ. ಅಷ್ಟರಲ್ಲಿ ಬಟ್ಟೆ ಕೊಳೆಯಾಗಿತ್ತು ಎಂಬ ಅಲ್ಪ ಕಾರಣ ಗುರಣ್ಣನ ಗಮನಕ್ಕೆ ಬರಲಿಲ್ಲ. ದುಬಾರಿ ಎಣ್ಣೆ ತನ್ನದೇ ಎಂದು ತೀರ್ಮಾನವಾಯಿತು. ಸಂಜೆಯೊಳಗೆ ಯೆರವಡಾದಲ್ಲಿ ಅವನ ಮನೆಯಿದ್ದ ಇಡೀ ವಸತಿಗೆ ಅದು ತಿಳಿಯಿತು.

"ನಾವು ರೊಟ್ಟಿಗೆ ಹಚ್ಕೊಳ್ಳೋ ಎಣ್ಣಿಗಿಂತ ಚೊಲೋದು," ಎಂದು ಅವನು ಕಟ್ಟೆಯ ಮೇಲೆ ಕೂತು ವಿವರಿಸಿದ. "ಕಂಡ ಕಂಡ ಕೈಗಿ ಕೊಡಂಗಿಲ್ಲ ಅದನ್ನ. ಕಂಪನಿಯವ್ರು ಮೊದಲ ಡ್ರೈವರ್ ಯಾರಂತ ನೋಡ್ತಾರ, ಆಮ್ಯಾಲ ಡಬ್ಬಿ ಬಿಚ್ತಾರ."

ಅವನ ಹೆಂಡತಿ ಯಂಕವ್ವ ಒಳಗಿನಿಂದಲೇ, "ಹಂಗಿದ್ರ ಒಂದ್ ಬಟ್ಲಾ ತರಬೇಕಿತ್ತು, ತಲಿಗೆ ಹಚ್ಕೊಂತಿದ್ದೆ," ಎಂದಳು. ಗುರಣ್ಣ ಅದನ್ನು ಕೇಳಿಸಿಕೊಳ್ಳಲಿಲ್ಲ.

ಮರುದಿನದಿಂದ ಟ್ರಕ್ಕಿನ ಸದ್ದೇ ಬೇರೆಯಾಯಿತು. ಆಗಿತ್ತೋ ಇಲ್ಲವೋ, ಗುರಣ್ಣನಿಗೆ ಹಾಗೆ ಕೇಳಿಸಿತು. ಎಂಜಿನ್ ಗುಡುಗುವುದರ ಬದಲು ಗೊಣಗುತ್ತಿತ್ತು. ಆ ಸೊಗಸು ಕೇಳಲು ಅವನು ರೇಡಿಯೋ ಆರಿಸಿದ. ಹೊಸ ಧೋತರ ಉಟ್ಟವನು ಕೆಸರು ನೋಡಿ ಕಾಲಿಡುವಂತೆ ಆ ಎಣ್ಣೆಯ ಗೌರವಕ್ಕೆ ತಗ್ಗಿ ಓಡಿಸಿದ. ರೇಡಿಯೋ ಆರಿಸಿದ ಮೇಲೆ ಒಂದು ಸಂಗತಿ ತಿಳಿಯಿತು. ಪಕ್ಕದ ಖಾಲಿ ಸೀಟು ರಸ್ತೆಯ ಉಬ್ಬಿಗೊಮ್ಮೆ "ಹ್ಞೂಂ" ಎನ್ನುತ್ತಿತ್ತು, ಮಾತು ಕೇಳಿಸಿಕೊಳ್ಳುತ್ತಿರುವ ಮನುಷ್ಯನ ಹಾಗೆ. ಆಗಿನ್ನೂ ಗುರಣ್ಣ ಅದಕ್ಕೆ ಬೆಲೆ ಕೊಡಲಿಲ್ಲ.

ಹದಿನೈದು ದಿನಕ್ಕೆ ಲೆಕ್ಕ ಬಂತು. ದತ್ತುವಿನದು ಮೂರು ಪಾಯಿಂಟ್ ಐದು. ಗುರಣ್ಣನದು ಮೂರು ಪಾಯಿಂಟ್ ಆರು. ಗುರಣ್ಣ ಶಾಲು ಹೊದಿಸಿಕೊಳ್ಳುವ ಭಂಗಿಯಲ್ಲಿ ಸೇಠರ ಆಫೀಸಿಗೆ ಹೋದ.

ಅಂಬಾದಾಸ ಸೇಠರು ಸೋಲಾಪುರದವರು, ಸಂಶಯವನ್ನು ಬಂಡವಾಳ ಮಾಡಿಕೊಂಡು ಹತ್ತು ಟ್ರಕ್ಕು ಕಟ್ಟಿದವರು. ಕಾಗದವನ್ನು ಎರಡು ಸಲ ಓದಿ ಬಾಗಿಲು ಹಾಕಿಸಿದರು.

"ಆ ಎಣ್ಣಿ ಕಂಪನಿ ಬಾಯಿ ಏನಂದ್ರು? ಎಣ್ಣಿ ನೂರಕ್ಕ ಮೂರು ಉಳಸ್ತದ ಅಂದ್ರು. ನಿಂದು ಆರು ಉಳದದ. ಮ್ಯಾಲಿನ ಮೂರು ಎಲ್ಲಿಂದ ಬಂತು?"

"ನಾ ಚೊಲೋ ಹೊಡೀತೀನಲ್ರಿ ಸೇಠ್."

"ಹೋದ ತಿಂಗಳಾನೂ ನೀನ ಹೊಡೀತಿದ್ದಿ. ಆಗ ಆ ಡೀಸೆಲ್ ಯಾರು ಕುಡದ್ರು?"

ಗುರಣ್ಣ ಇಪ್ಪತ್ತೆರಡು ವರ್ಷದಲ್ಲಿ ಒಂದು ಹನಿ ಡೀಸೆಲ್ ಕದ್ದವನಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದ ಕೂಡಲೇ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಒಂದಿದೆಯಲ್ಲ, ಅದಕ್ಕೆ ಕುಂಬಳಕಾಯಿ ಕದ್ದಿರಲೇಬೇಕೆಂಬ ನಿಯಮವಿಲ್ಲ. ಅವನ ಕಣ್ಣು ಬಾಗಿಲಿಗೆ ಹೋಯಿತು, ಗಡಿಯಾರಕ್ಕೆ ಹೋಯಿತು, ಗಡಿಯಾರದ ಪಕ್ಕದಲ್ಲಿ ನಿಂತಿತು. ಅಲ್ಲಿ ಸಿದ್ದಲಿಂಗಪ್ಪ ಜೋಲು ಮೀಸೆ ಬಿಟ್ಟುಕೊಂಡು ಸಮಾಧಾನವಾಗಿ ನೋಡುತ್ತಿದ್ದ. ಸತ್ತವರು ಎದುರು ಮಾತಾಡುವುದಿಲ್ಲ.

"ಟ್ಯಾಂಕಿನ ಬುಡಕ ಒಂದು ನಲ್ಲಿ ಇತ್ತು ಸೇಠ್," ಎಂದಿತು ಗುರಣ್ಣನ ಬಾಯಿ. "ಸಣ್ಣದು. ಸಿದ್ದಲಿಂಗಪ್ಪ ಕಾಕಾನ ಕಾಲದ್ದು. ಸೋರತಿತ್ತು. ಮೊನ್ನೆ ಕಂಡೆ, ತಗದ ಒಗದೆ."

ಸೇಠರು ಸ್ಟೂಲ್ ಎಳೆದುಕೊಂಡು, ತಾವೇ ಹತ್ತಿ, ಫೋಟೋ ಇಳಿಸಿ, ಹಳೆಯ ಫಿಲ್ಟರುಗಳ ರಾಶಿಯಲ್ಲಿ ಮುಖ ಗೋಡೆಗೆ ಮಾಡಿ ಇಟ್ಟರು. "ಹನ್ನೊಂದು ವರ್ಷ," ಎಂದರು. ಅಷ್ಟೇ. ಹೊಡೆದಿದ್ದರೆ ಗುರಣ್ಣನಿಗೆ ಹಗುರವಾಗುತ್ತಿತ್ತು.

ಇನ್ನು ಯಾವ ಡ್ರೈವರನ್ನೂ ನಂಬಬಾರದೆಂದು ಸೇಠರು ಅಂದೇ ಎಲ್ಲ ಟ್ರಕ್ಕುಗಳಲ್ಲಿದ್ದ ಕಂಪ್ಯೂಟರ್ ಡಬ್ಬಿಯ ಬಾಯಿ ಬಿಚ್ಚಿಸಿದರು. ಟ್ರಕ್ಕು ಎಲ್ಲಿದೆ, ಎಷ್ಟು ಓಡಿತು ಎಂದು ನೋಡಲು ಮೂರು ವರ್ಷದ ಹಿಂದೆ ಕೂರಿಸಿದ ಡಬ್ಬಿ ಅದು. ಅಲ್ಲಿಯತನಕ ಮೂಕವಾಗಿ ಮಿಣುಕುತ್ತಿತ್ತು.

ಮರುದಿನ ಬೆಳಿಗ್ಗೆ ಏಳಕ್ಕೆ ಗುರಣ್ಣ ಘಾಟಿನ ಮೇಲಿದ್ದ. ಮಂಜಿನಲ್ಲಿ ಮುಂದಿನ ಟ್ರಕ್ಕಿನ ಕೆಂಪು ದೀಪ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಎಂಜಿನ್ ಗೊಣಗುತ್ತಿತ್ತು. ಆಗ ಕ್ಯಾಬಿನ್ನಿನೊಳಗೆ ಒಂದು ಹೆಣ್ಣು ದನಿ, ಆಕಾಶವಾಣಿಯ ಕನ್ನಡದಲ್ಲಿ, ಶಾಂತವಾಗಿ ಮಾತಾಡಿತು.

"ಸಿದ್ದಲಿಂಗಪ್ಪನವರೇ, ನೀವು ಉತ್ತಮವಾಗಿ ಚಲಾಯಿಸುತ್ತಿದ್ದೀರಿ. ಧನ್ಯವಾದಗಳು."

ಅದು ಯಾರೊಂದಿಗೆ ಮಾತಾಡುತ್ತಿದೆ ಎಂದು ನೋಡಲು ಗುರಣ್ಣ ನಿಧಾನವಾಗಿ ಪಕ್ಕಕ್ಕೆ ಕತ್ತು ತಿರುಗಿಸಿದ. ಸೀಟು ಖಾಲಿ ಇತ್ತು. ಟ್ರಕ್ಕು ಒಂದು ಉಬ್ಬು ದಾಟಿತು.

"ಹ್ಞೂಂ," ಎಂದಿತು ಸೀಟು.

ಗುರಣ್ಣನ ಬಲಗಾಲು ತಾನಾಗಿಯೇ ಹಗುರವಾಯಿತು. ಸಿದ್ದಲಿಂಗಪ್ಪ ಬದುಕಿದ್ದಾಗ ಇದೇ ಘಾಟಿನಲ್ಲಿ ಕಲಿಸಿದ್ದ: "ಎಕ್ಸಿಲೇಟರ್ ಮ್ಯಾಲ ಮೊಟ್ಟಿ ಇಟ್ಟಂಗ ಕಾಲಿಡು. ಮುಂದ ಕೆಂಪ ದೀಪ ಕಂಡ್ರ ಈಗ ಕಾಲ ತಗಿ, ಹತ್ರ ಹೋಗಿ ಬ್ರೇಕ್ ಒತ್ತಬ್ಯಾಡ." ಹದಿನಾಲ್ಕು ತಿಂಗಳು ಮರೆತಿದ್ದ ಪಾಠ ಇಡಿಯಾಗಿ ನೆನಪಾಯಿತು. ಮೊಟ್ಟೆ ಇಟ್ಟ ಹಾಗೆ ಕಾಲಿಟ್ಟ. ದೂರದಿಂದಲೇ ಕಾಲು ತೆಗೆದ. ಢಾಬಾದ ಎದುರು ನಿಲ್ಲಿಸುವಾಗ, ಹಿಂದೆಲ್ಲ ತಂಪಿಗೆಂದು ಎಂಜಿನ್ ಓಡಿಸಿಟ್ಟು ಅರ್ಧ ಗಂಟೆ ಮಲಗುತ್ತಿದ್ದವನು, ಕೀಲಿ ತಿರುಗಿಸಿ ಟಯರು ನಿಲ್ಲುವ ಮೊದಲೇ ಕೆಳಗೆ ಹಾರಿದ. ಆ ಕ್ಯಾಬಿನ್ನಿನಲ್ಲಿ ಇಬ್ಬರೇ ಕೂತಿರುವ ಧೈರ್ಯ ಅವನಿಗಿರಲಿಲ್ಲ.

ಎವರೇಜ್ ಮೂರು ಪಾಯಿಂಟ್ ಏಳಕ್ಕೆ ಏರಿತು.

ಸೇಠರು ಹಲ್ಲು ಕಡಿದರು. "ನೋಡು. ನಲ್ಲಿ ತಗದ ಮ್ಯಾಲ ಹೆಂಗ ಏರ್ಲಿಕತ್ತದ. ಎಷ್ಟ ಕದ್ದಿರಬೇಕು ಮನಷ್ಯಾ."

ಆಗ ಗುರಣ್ಣನಿಗೆ ತನ್ನ ಸಂಕಟದ ಪೂರ್ತಿ ಆಕಾರ ಕಂಡಿತು. ಕಾಕಾ ತಾನು ಕಳ್ಳನಲ್ಲವೆಂದು ತೋರಿಸಲು ಬಂದು ಕೂತಿದ್ದಾನೆ, ದಿನವೂ ಡೀಸೆಲ್ ಉಳಿಸಿ ಕೊಡುತ್ತಿದ್ದಾನೆ, ಉಳಿಸಿದಷ್ಟೂ ಅವನ ಕಳ್ಳತನದ ಲೆಕ್ಕ ದಪ್ಪವಾಗುತ್ತಿದೆ. ಪಾಪ, ಸತ್ತವನಿಗೆ ಇದನ್ನು ತಿಳಿಸುವುದು ಹೇಗೆ? ಗುರಣ್ಣ ಒಂದು ಉಪಾಯ ಮಾಡಿದ. ಡೀಸೆಲ್ ಹಾಳು ಮಾಡಿ ಎವರೇಜ್ ಇಳಿಸಿದರೆ ನಲ್ಲಿಯ ಕತೆ ಸುಳ್ಳಾಗುತ್ತದೆ, ಕಾಕಾನ ಹೆಸರು ಉಳಿಯುತ್ತದೆ. ಒಂದು ಮಧ್ಯಾಹ್ನ ಢಾಬಾದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಓಡುತ್ತಲೇ ಬಿಟ್ಟು, ಸ್ಟೇರಿಂಗ್ ಹಿಡಿದು ಕಣ್ಣು ಮುಚ್ಚಿ ಕೂತ.

ನಾಲ್ಕು ನಿಮಿಷ ಕಳೆಯಿತು.

"ಸಿದ್ದಲಿಂಗಪ್ಪನವರೇ," ಎಂದಿತು ದನಿ, ಸ್ವಲ್ಪ ನೋವಿನಿಂದ, "ಎಂಜಿನ್ ವೃಥಾ ಚಾಲನೆಯಲ್ಲಿದೆ. ಇದು ನಿಮಗೆ ಶೋಭಿಸುವುದಿಲ್ಲ."

ಗುರಣ್ಣ ಎಂಜಿನ್ ಆರಿಸಿ, ಚಪ್ಪಲಿ ಒಳಗೇ ಬಿಟ್ಟು, ಬರಿಗಾಲಲ್ಲಿ ರಸ್ತೆಯ ಆಚೆ ಬದಿಗೆ ಹೋಗಿ ನಿಂತ.

ದತ್ತುವಿಗೆ ಈ ತೊಂದರೆ ಇರಲಿಲ್ಲ. "ನನ್ನ ಗಾಡ್ಯಾಗ ಆ ಡಬ್ಬಿಯೊಳಗಿನ ಹೆಣ್ಮಗಳು ಒಂದ ಸಲ ಮಾತಾಡಿದ್ಳು. ಸ್ಪೀಕರಿಗೆ ಅರಬಿ ತುರಕಿದೆ, ಮುಗೀತು," ಎಂದ. ಗುರಣ್ಣನಿಗೆ ಅರಿವೆ ತುರುಕುವ ಧೈರ್ಯ ಎಲ್ಲಿಂದ ಬರಬೇಕು? ಸುಳ್ಳು ಹೇಳಿ ಗುರುವಿನ ಬಾಯಿಗೆ ಒಂದು ಸಲ ಬಟ್ಟೆ ತುರುಕಿದ್ದೇ ಅವನಿಗೆ ಸಾಕಾಗಿತ್ತು.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ರಾಧಾಬಾಯಿ ಎಂದಿನಂತೆ ಹನ್ನೊಂದರ ಹೊತ್ತಿಗೆ ಆಫೀಸಿಗೆ ಬಂದಳು. ಗುರಣ್ಣ ಡೀಸೆಲ್ ಚೀಟಿಗೆಂದು ಅಲ್ಲೇ ನಿಂತಿದ್ದ. ಗಣಪತಿ ಇದ್ದ, ಗಡಿಯಾರ ಇತ್ತು, ನಡುವೆ ಚೌಕನಾದ ಬಿಳಿ ಗುರುತು ಮತ್ತು ಒಂದು ಮೊಳೆ. ಸೇಠರು ಕಾಗದದಲ್ಲಿ ಮುಖ ಹುದುಗಿಸಿದರು. ಅವಳು ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದಳು. ಪೊಟ್ಟಣ ಬಿಚ್ಚಿ, ಹಾರ ತೆಗೆದು, ಹಿಮ್ಮಡಿ ಎತ್ತಿ ನಿಂತು ಆ ಬರಿ ಮೊಳೆಗೆ ಹಾಕಿ, ಕೈಮುಗಿದು ಹೋದಳು.

ಹಾರ ಮೊಳೆಯಲ್ಲಿ ತೂಗುತ್ತಿತ್ತು. ಕಿಟಕಿ ಮುಚ್ಚಿತ್ತು, ಫ್ಯಾನು ನಿಂತಿತ್ತು, ಆದರೂ ತೂಗುತ್ತಿತ್ತು. ಅದನ್ನು ತೆಗೆಯಲು ಸೇಠರೂ ಏಳಲಿಲ್ಲ, ಗುಮಾಸ್ತನೂ ಏಳಲಿಲ್ಲ. ಗುರಣ್ಣ ಚೀಟಿ ಪಡೆಯದೆ ಹೊರಬಿದ್ದ. ತಾನು ಹೇಳಿದ ಸುಳ್ಳಿನ ತೂಕ ಅಂದು ಅವನಿಗೆ ನಿಜವಾಗಿ ಗೊತ್ತಾಯಿತು, ಮತ್ತು ನಿಜ ಹೇಳಿಬಿಡೋಣ ಎಂದು ಬಾಯಿಯವರೆಗೂ ಬಂತು. ಹೇಳಿದರೆ ಸೇಠರ ಮುಂದಿನ ಪ್ರಶ್ನೆ ಏನೆಂಬುದೂ ಗೊತ್ತಿತ್ತು: ಹಂಗಿದ್ರ ಕುಡದಾವ ನೀನೇನು?

ಆ ದಿನ ಅವನು ಯಂಕವ್ವನ ಮುಂದೆ ಎಲ್ಲ ಕಕ್ಕಿದ. ಯಂಕವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಉಪಾಸ ಕೂತಿರಬೇಕು ಅವ್ರು," ಎಂದಳು. "ಸತ್ತವರ ಹೆಸರಿಲೇ ಸುಳ್ಳ ಹೇಳಿದಿ, ಒಂದ್ ತುತ್ತ ಎಡಿನಾದ್ರೂ ಇಟ್ಟಿಯೇನು?"

ಮರುದಿನದಿಂದ ಪಕ್ಕದ ಸೀಟಿನ ಮೇಲೆ ಎಡೆ ಹೊರಟಿತು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೊಂದು ತಂಬಿಗೆ ನೀರು. ಬೆಳಿಗ್ಗೆ ಟ್ರಕ್ಕು ಯೆರವಡಾದಲ್ಲಿ ನಿಂತಾಗ ಯಂಕವ್ವ ಎಲ್ಲವನ್ನೂ ಪೇರಿಸಿ ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ, ಬೀಳದಂತೆ ಎರಡು ಬದಿಗೆ ದಿಂಬು ಒತ್ತುತ್ತಿದ್ದಳು. ಗುರಣ್ಣ ಅದನ್ನು ನೇರವಾಗಿ ನೋಡುತ್ತಿರಲಿಲ್ಲ. ಸಂಜೆ ಬಿಚ್ಚಿದಾಗ ತಂಬಿಗೆಯ ನೀರು ಕಡಿಮೆಯಾಗಿರುತ್ತಿತ್ತು. ಅರಿವೆ ಒದ್ದೆಯಾಗಿರುತ್ತಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ವಾರ ಕಳೆಯುವುದರಲ್ಲಿ ಹೆದ್ದಾರಿಯ ಕ್ಯಾಮೆರಾದಿಂದ ಸೇಠರ ಮೊಬೈಲಿಗೆ ದಂಡದ ಚೀಟಿ ಬಂತು. ಕಾರಣ: ಚಾಲಕನ ಪಕ್ಕದಲ್ಲಿ ಕುಳಿತ ವ್ಯಕ್ತಿ ಸೀಟ್ ಬೆಲ್ಟ್ ಧರಿಸಿಲ್ಲ. ಜೊತೆಗೆ ಫೋಟೋ. ಸ್ಟೇರಿಂಗ್ ಹಿಡಿದ ಗುರಣ್ಣ ಉಸಿರು ಕಟ್ಟಿದವನಂತೆ ಮುಂದೆ ನೋಡುತ್ತಿದ್ದಾನೆ. ಪಕ್ಕದಲ್ಲಿ ಬಿಳಿ ರುಮಾಲಿನ ಮಸುಕು ಆಕೃತಿಯೊಂದು ಕಿಟಕಿಗೆ ಒರಗಿ ಕೂತಿದೆ.

"ಯಾರಿವ?" ಎಂದರು ಸೇಠರು.

"ಬುತ್ತಿರಿ."

ಹಿಂದೆ ನಿಂತಿದ್ದ ದತ್ತು ಮೊಬೈಲನ್ನು ಹತ್ತಿರ ಹಿಡಿದು ನೋಡಿದ. "ಬುತ್ತಿಗೆ ಭುಜ ಇರ್ತದೇನು, ಗುರಣ್ಣ?"

ಯಾರೂ ನಗಲಿಲ್ಲ. ಅಂದಿನಿಂದ ಯಾರ್ಡಿನಲ್ಲಿ ಗುರಣ್ಣನ ಟ್ರಕ್ಕಿನ ಎರಡು ಬದಿಗೂ ಒಂದೊಂದು ಟ್ರಕ್ಕಿನಷ್ಟು ಜಾಗ ಖಾಲಿ ಉಳಿಯತೊಡಗಿತು. ತೊಳೆಯುವವನು ಬಲಗಡೆ ಮಾತ್ರ ತೊಳೆದು ಹೋದ. ಕಾಯಿದೆಗೆ ಅಂಜುವ ಗುರಣ್ಣ ಮರುದಿನದಿಂದ ಎಡೆಗೆ ಬೆಲ್ಟ್ ಹಾಕತೊಡಗಿದ.

"ಹಿಂಗ ಬಿಟ್ರ ಆಗಂಗಿಲ್ಲ," ಎಂದಳು ಯಂಕವ್ವ. "ಶನಿವಾರ ಎಣ್ಣ್ಯಾಗ ನಿನ್ನ ಮಾರಿ ನೋಡ್ಕೊಂಡು ಆ ಎಣ್ಣಿ ಶನಿದೇವರಿಗೆ ಕೊಟ್ಟು ಬಾ. ಹಿಡದದ್ದು ಬಿಡ್ತದ."

ಅವಳು ಹೇಳಿದ್ದು ಎಳ್ಳೆಣ್ಣೆ. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ಏಕೆಂದರೆ ಪ್ರಪಂಚದಲ್ಲಿ ಯಾರಿಗೂ ಹೇಳಬೇಕಾಗುವುದಿಲ್ಲ. ಆದರೆ ಗುರಣ್ಣ ಯೋಚಿಸುವ ಮನುಷ್ಯ. ಹಿಡಿದದ್ದು ಎಂಜಿನ್ ಎಣ್ಣೆಯಿಂದ, ಬಿಡಬೇಕಾದದ್ದೂ ಎಂಜಿನ್ ಎಣ್ಣೆಯಿಂದ. ಶನಿವಾರ ಬೆಳಿಗ್ಗೆ ಟ್ರಕ್ಕಿನ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆಎಳೆದು ಸ್ಟೀಲಿನ ಬಟ್ಟಲಿಗೆ ತೊಟ್ಟಿಕ್ಕಿಸಿದ. ಮುಕ್ಕಾಲು ಗಂಟೆಗೆ ಬುಡ ಮುಚ್ಚುವಷ್ಟಾಯಿತು. ಎಣ್ಣೆ ಕಪ್ಪಾಗಿ, ಕನ್ನಡಿಯಂತಿತ್ತು. ಬಗ್ಗಿ ನೋಡಿದ.

ಒಳಗಿನಿಂದ ಸಿದ್ದಲಿಂಗಪ್ಪ ನೋಡಿದ. ಅದೇ ಜೋಲು ಮೀಸೆ, ಅದೇ ಉಬ್ಬಿದ ಕೆನ್ನೆ, ಮೈಯೆಲ್ಲ ಕಪ್ಪು. ಆ ಟ್ರಕ್ಕು ಕೈಗೆ ಬಂದಂದಿನಿಂದ ಗುರಣ್ಣ ಗುರುವಿನಂತೆಯೇ ಮೀಸೆ ಬಿಟ್ಟಿದ್ದ ಎಂಬುದನ್ನು ಓದುಗರು ಗಮನಕ್ಕೆ ತಂದುಕೊಳ್ಳಬಹುದು. ಅವನು ತಂದುಕೊಳ್ಳಲಿಲ್ಲ. ಬಟ್ಟಲಿನೊಳಗಿನ ಮುಖ ರೆಪ್ಪೆ ಬಡಿಯಿತು. ಗುರಣ್ಣನಿಗೂ ಅದೇ ಹೊತ್ತಿಗೆ ರೆಪ್ಪೆ ಬಡಿಯಬೇಕೆನ್ನಿಸಿತ್ತು.

ಬಟ್ಟಲು ತುಳುಕದಂತೆ ಹಿಡಿದು ಶನಿಯ ಗುಡಿಗೆ ಹೋಗಿ ಸಾಲಿನಲ್ಲಿ ನಿಂತ. ಪೂಜಾರಿ ಬಟ್ಟಲನ್ನು ಮೂಸಿದ.

"ಹೇ ಕಾಯ ಆಹೆ?" ಏನಿದು ಎಂದು ಮರಾಠಿಯಲ್ಲಿ ಕೇಳಿದ.

"ತೇಲ ಆಹೆ, ಮಹಾರಾಜ," ಎಣ್ಣೆ ಎಂದ ಗುರಣ್ಣ.

"ಹೇ ಗಾಡೀಚಂ ತೇಲ ಆಹೆ," ಎಂದ ಪೂಜಾರಿ, ಇಂಥ ಭಕ್ತರನ್ನು ಕಂಡು ಸುಸ್ತಾದ ದನಿಯಲ್ಲಿ. "ದೇವಾಲಾ ಗ್ಯಾರೇಜ್ ಸಮಜಲಾಸ ಕಾ?" ದೇವರನ್ನು ಗ್ಯಾರೇಜ್ ಎಂದುಕೊಂಡೆಯಾ ಎಂಬ ಆ ಮಾತಿಗೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಟ್ಟಲು ವಾಪಸು ಬಂತು.

ದೇವರು ತೆಗೆದುಕೊಳ್ಳದ ಮುಖವನ್ನು ಏನು ಮಾಡುವುದು? ಮನೆಗೆ ತರುವಂತಿಲ್ಲ. ಗಟಾರಕ್ಕೆ ಚೆಲ್ಲಲು ಗುರುವಿನ ಮುಖ. ಗುರಣ್ಣ ಯಾರ್ಡಿಗೆ ಹಿಂದಿರುಗಿ, ಎಂಜಿನ್ನಿನ ಬಾಯಿ ತೆರೆದು, ಮುಖವನ್ನು ಎಲ್ಲಿಂದ ತಂದಿದ್ದನೋ ಅಲ್ಲಿಗೇ ಸುರಿದ. ಒಳಗೆ ಬಹಳ ಕೆಳಗೆ ಅದು ಗುಟುಕರಿಸಿದ ಸದ್ದಾಯಿತು. ಆ ವಾರ ಎವರೇಜ್ ಮೂರು ಪಾಯಿಂಟ್ ಎಂಟಾಯಿತು, ಮತ್ತು ಅಲ್ಲೇ ನಿಂತಿತು.

ಏಪ್ರಿಲಿನಲ್ಲಿ ಲಕೋಟೆ ತೆರೆಯುವ ದಿನ ಬಂತು. ಪ್ರಣೀತಾ ಲ್ಯಾಪ್‌ಟಾಪ್ ತಂದಿದ್ದಳು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪಿತ್ತು. ಆಫೀಸಿನ ಮೊಳೆಯಲ್ಲಿ ಮೂರು ಅಮಾವಾಸ್ಯೆಯ ಮೂರು ಹಾರಗಳು ಒಣಗಿ ತೂಗುತ್ತಿದ್ದವು. ಸೇಠರು ಅರಗು ಒಡೆದು ಓದಿದರು.

"ನೀಲಿ, ಸಿಂಥೆಟಿಕ್. ಕೆಂಪು, ಮಾಮೂಲಿ."

"ದತ್ತು ಅವರದು ಮೂರು ಪಾಯಿಂಟ್ ಐದು," ಎಂದಳು ಪ್ರಣೀತಾ. "ನೂರಕ್ಕೆ ಮೂರು ಜಾಸ್ತಿ. ಎಣ್ಣೆ ಎಷ್ಟು ಕೊಡ್ಬೇಕೋ ಅಷ್ಟು ಕೊಟ್ಟಿದೆ. ಆದ್ರೆ ಗುರಣ್ಣನವರದು ಮಾಮೂಲಿ ಎಣ್ಣೆಯಲ್ಲಿ ಮೂರು ಪಾಯಿಂಟ್ ಎಂಟು. ನೂರಕ್ಕೆ ಹನ್ನೆರಡು. ಇದನ್ನು ನಾನು ರಿಪೋರ್ಟಿನಲ್ಲಿ ಹೇಗೆ ಬರೀಲಿ ಮಾರಾಯ್ರೆ?"

"ಬರೀಲಿಕ್ಕೇನದ," ಎಂದರು ಸೇಠರು. "ನಲ್ಲಿ ಇತ್ತು. ತಗದ."

"ನಲ್ಲಿ ಇದ್ರೆ ಹಳೇ ಡೇಟಾದಲ್ಲಿ ಕಾಣ್ಬೇಕಲ್ಲ. ಅದಕ್ಕೇ ನಿನ್ನೆ ಡಬ್ಬಿಯ ಮೂರು ವರ್ಷದ ದಾಖಲೆ ತೆಗೆದೆ." ಅವಳು ಪರದೆ ತಿರುಗಿಸಿದಳು. "ಅಂದ ಹಾಗೆ ಅದರಲ್ಲಿ ಡ್ರೈವರ್ ಹೆಸರು ಇನ್ನೂ ಸಿದ್ದಲಿಂಗಪ್ಪ ಅಂತಲೇ ಇದೆ, ಯಾರೂ ಬದಲಿಸಲಿಲ್ಲ. ಅವರಿದ್ದಾಗ ಪ್ರತಿ ತಿಂಗಳೂ ಮೂರು ಪಾಯಿಂಟ್ ಎಂಟು. ಒಂದು ತಿಂಗಳೂ ತಪ್ಪಿಲ್ಲ. ಅವರು ಹೋದ ಮುಂದಿನ ತಿಂಗಳು ಮೂರು ಪಾಯಿಂಟ್ ನಾಲ್ಕು. ಹದಿನಾಲ್ಕು ತಿಂಗಳು ಹಾಗೇ. ಈಗ ಮತ್ತೆ ಮೂರು ಪಾಯಿಂಟ್ ಎಂಟು. ಯಾವಾಗ ಬ್ರೇಕ್ ಒತ್ತುತ್ತಾರೆ, ಎಲ್ಲಿ ಕಾಲು ತೆಗೀತಾರೆ, ಎರಡು ಗೆರೆ ಒಂದರ ಮೇಲೊಂದು ಇಟ್ರೆ ವ್ಯತ್ಯಾಸವೇ ಇಲ್ಲ." ಅವಳು ಆ ಗೆರೆಗಳ ಮೇಲೆ ಬೆರಳಿಟ್ಟಳು. "ಡೇಟಾ ಪ್ರಕಾರ ಈ ಮೂರು ತಿಂಗಳು ಗಾಡಿ ಓಡಿಸಿದ್ದು ಅವರೇ."

ಸೇಠರು ಪರದೆಯನ್ನು ನೋಡಿದರು, ಆಮೇಲೆ ಗುರಣ್ಣನನ್ನು ನೋಡಿದರು.

"ನಲ್ಲಿ?"

ದೆವ್ವ ಯಂತ್ರದೊಳಗಿನ ಹೆಸರೆಂದು ತಿಳಿದು ಗುರಣ್ಣನಿಗೆ ಜೀವ ಬರಬೇಕಿತ್ತು. ಬರಲಿಲ್ಲ. ದೆವ್ವ ಇದ್ದಿದ್ದರೆ ಅರ್ಧ ತಪ್ಪನ್ನಾದರೂ ಅದರ ತಲೆಗೆ ಕಟ್ಟಬಹುದಿತ್ತು.

"ನಲ್ಲಿ ಇರಲಿಲ್ರಿ," ಎಂದ. "ಯಾರೂ ಕುಡೀಲಿಲ್ಲ. ನಂದ ಈ ಬಲಗಾಲು. ಕಾಕಾ ಕಲಿಸಿದ್ದು ಮರತಿದ್ದೆ, ಅವ್ರು ಬಾಜೂಕ ಕುಂತಾರಂತ ಅಂಜಿಕೊಂಡು ನೆನಸಿದೆ. ನಿಮಗ ಅಂಜಿ ಸುಳ್ಳ ಹೇಳಿದೆ. ಸತ್ತಾವ ಏನೂ ಅನ್ನಂಗಿಲ್ಲ ಅಂತ ಹೇಳಿದೆ."

ಸೇಠರು ಎದ್ದು ಹೋಗಿ ಫಿಲ್ಟರುಗಳ ರಾಶಿಯಿಂದ ಫೋಟೋ ತೆಗೆದು, ತಮ್ಮ ಅಂಗಿಯ ತೋಳಿನಿಂದಲೇ ಗಾಜು ಒರೆಸಿದರು. ಮೂರು ಹಾರದ ಹಿಂದೆ ಅದನ್ನು ನೇತುಹಾಕಿದರು. ಕೆಲಸದಿಂದ ತೆಗೆಯುತ್ತಾರೆಂದು ಗುರಣ್ಣ ಕಾದ. ತೆಗೆಯಲಿಲ್ಲ.

"ಮೊದಲ ಆ ಹೆಣ್ಮಗಳಿಗೆ ಹೋಗಿ ಹೇಳು," ಎಂದರು ಸೇಠರು ಗೋಡೆಯನ್ನೇ ನೋಡುತ್ತ. "ನನಗೂ ಮಾರಿ ಇಲ್ಲ ಅಕಿಗೆ ತೋರಿಸ್ಲಿಕ್ಕೆ."

ಅದೇ ದಿನ ನಾಲ್ಕು ಗಂಟೆಗೆ ಗುರಣ್ಣ ಖಾಲಿ ಟ್ರಕ್ಕನ್ನು ಯೆರವಡಾದ ದೊಡ್ಡ ರಸ್ತೆಯ ಅಂಚಿಗೆ ನಿಲ್ಲಿಸಿ ರಾಧಾಬಾಯಿಯ ಮನೆಗೆ ನಡೆದ. ಬಿಸಿಲು ಓಣಿಯ ತುಂಬ ಇತ್ತು. ಅವಳು ಬಾಗಿಲಲ್ಲಿ ಕೂತು ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ಗುರಣ್ಣ ಎದುರು ಮೊಳಕಾಲೂರಿ ಮೊದಲಿನಿಂದ ಕಡೆಯವರೆಗೆ ಎಲ್ಲ ಹೇಳಿದ, ಎಣ್ಣೆ, ನಲ್ಲಿ, ಫೋಟೋ, ದನಿ, ಎಡೆ, ಬಟ್ಟಲು. ಬೈಗುಳಕ್ಕೆ ತಲೆ ಬಗ್ಗಿಸಿ ಕಾದ. ಸೂಜಿ ನಿಲ್ಲಲಿಲ್ಲ.

"ಎಷ್ಟ ದಿವಸ ಇದ್ರು?" ಎಂದಳು.

"ಯಾರ್ರಿ ಅಕ್ಕಾ?"

"ಅವ್ರು. ನಿನ್ನ ಗಾಡ್ಯಾಗ."

"ಅದು ಅವ್ರಲ್ರಿ. ಡಬ್ಬಿಯೊಳಗಿನ ಹೆಸರು. ಆ ಬಾಯಿ ತೋರ್ಸಿದ್ರು, ಕಂಪ್ಯೂಟರಿನಾಗ..."

"ಎಷ್ಟ ದಿವಸ ಅಂತ ಕೇಳಿದೆ."

"ಎರಡೂವರಿ ತಿಂಗಳು."

ರಾಧಾಬಾಯಿ ದಾರ ಹಲ್ಲಿನಿಂದ ಕಡಿದಳು. "ಎರಡೂವರಿ ತಿಂಗಳು," ಎಂದಳು. "ದಿನಾ ಇದ ರಸ್ತಾದ ಮ್ಯಾಲ ಹೋಗಿರಬೇಕು. ಮುಂಜಾನಿ ಒಮ್ಮೆ, ಸಂಜಿಗೆ ಒಮ್ಮೆ. ಓಣಿಯೊಳಗ ಇಳದ ಬರ್ಲಿಕ್ಕೆ ಆಗ್ಲಿಲ್ಲ ಅವರ್ಗೆ."

ಕಳ್ಳ ಎನ್ನಿಸಿಕೊಂಡ ಗಂಡನ ಪರವಾಗಿ ಅವಳು ಸಿಟ್ಟಾಗುತ್ತಾಳೆಂದು ಗುರಣ್ಣ ಸಿದ್ಧನಾಗಿ ಬಂದಿದ್ದ. ಅವಳು ಸಿಟ್ಟಾದದ್ದು ಗಂಡನ ಮೇಲೆ.

"ಗಾಡಿ ಎಲ್ಲದ?"

"ರಸ್ತಾಕ್ಕ ಹಚ್ಚೀನಿ."

ಅವಳು ಕೌದಿ ಮಡಚಿಟ್ಟಳು. ಒಳಗೆ ಹೋಗಿ ಮುಖ ತೊಳೆದು, ತಲೆ ಬಾಚಿ, ಬೇರೆ ಸೀರೆ ಉಟ್ಟು ಬಂದಳು. ಓಣಿಯವರು ನೋಡುತ್ತಿದ್ದಂತೆ ಗುರಣ್ಣನ ಹಿಂದೆ ನಡೆದು, ರಸ್ತೆ ಸೇರಿ, ಟ್ರಕ್ಕಿನ ಎಡಬಾಗಿಲ ಮೆಟ್ಟಿಲು ಹತ್ತಿದಳು. ಅಂದು ಲಕೋಟೆಯ ಗಡಿಬಿಡಿಯಲ್ಲಿ ಯಂಕವ್ವ ಎಡೆ ಕಟ್ಟಿರಲಿಲ್ಲ. ಸೀಟು ಖಾಲಿ ಇತ್ತು. ಗುರಣ್ಣ ಸ್ಟೇರಿಂಗಿನ ಹಿಂದೆ ಕೂತು ಕಾದ.

ರಾಧಾಬಾಯಿ ಒಳಗೆ ಬಗ್ಗಿದವಳು, ಕೂರುವ ಮೊದಲು, ತುಂಬಿದ ಬಸ್ಸಿನಲ್ಲಿ ಹೆಂಡತಿ ಗಂಡನಿಗೆ ಹೇಳುವ ಸಾದಾ ದನಿಯಲ್ಲಿ, "ಸ್ವಲ್ಪ ಸರೀರಿ," ಎಂದಳು. ಒಂದು ಗಳಿಗೆ ತಡೆದು ನಿಂತಳು. ಆಮೇಲೆ ಸೀಟಿನ ಅರ್ಧದಲ್ಲಿ ಕೂತು, ಇನ್ನರ್ಧವನ್ನು ಬಿಟ್ಟು, ಸೆರಗು ಹೊದ್ದುಕೊಂಡು ಮುಂದೆ ನೋಡಿದಳು.

ಗುರಣ್ಣ ಆ ಬಿಟ್ಟ ಅರ್ಧದ ಕಡೆ ತಿರುಗಲಿಲ್ಲ. ಗಾಡಿಯನ್ನು ಗೇರಿಗೆ ಹಾಕಿ, ಯಾರಿಗೂ ಧಕ್ಕೆಯಾಗದ ಹಾಗೆ, ಬಹಳ ಮೆಲ್ಲಗೆ ಬಿಟ್ಟ.